ಜರ್ಮನಿ, ಸ್ವೀಡನ್, ಬ್ರಿಟನ್: ನಮ್ಮ ಬದುಕಿನ ಭದ್ರತೆ ಯಾವ ಗೂಟಕ್ಕೆ ಕಟ್ಟಿದೆ?

ನೆಕ್ಕರ್ ದಂಡೆ (ಸ್ಟುಟ್‌ಗಾರ್ಟ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯ ಇದು.

2020ರ ಏಪ್ರಿಲ್. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಆರ್ಡರ್ ಪೂರ್ತಿ ನಿಂತುಹೋಯಿತು. ನಮ್ಮ ಇಡೀ ವಿಭಾಗವನ್ನು ಅರ್ಧ ಹೊತ್ತಿನ ಕೆಲಸಕ್ಕೆ ಹಾಕಿದರು. ಇಲ್ಲಿ ಅದಕ್ಕೆ ಕುರ್ಟ್ಸ್‌ಆರ್ಬೈಟ್ ಅನ್ನುತ್ತಾರೆ. ಕಂಪನಿ ಅರ್ಧ ಸಂಬಳ ಕೊಟ್ಟಿತು. ಹೋದ ಅರ್ಧದಲ್ಲಿ ಶೇ. 60, ಮಕ್ಕಳಿದ್ದವರಿಗೆ ಶೇ. 67, ನಿರುದ್ಯೋಗ ವಿಮೆಯ ನಿಧಿಯಿಂದ ಬಂತು. ನನಗೆ ಒಬ್ಬಳು ಮಗಳು. ಲೆಕ್ಕ ಹಾಕಿದರೆ ಕೈಗೆ ಬರುತ್ತಿದ್ದ ಹಣದಲ್ಲಿ ಆರನೇ ಒಂದು ಪಾಲು ಮಾತ್ರ ಕಡಿಮೆಯಾಯಿತು. ಆ ತಿಂಗಳು ದೇಶದಲ್ಲಿ ಸುಮಾರು 60 ಲಕ್ಷ ಜನ ಹೀಗೆಯೇ ದಿನ ದೂಡುತ್ತಿದ್ದರು. ಅವರ ಕೆಲಸ ಮಾತ್ರ ಹೋಗಿರಲಿಲ್ಲ.

ಅದೇ ವಾರ ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ಫೋನ್ ಮಾಡಿ 'ನಾಳೆಯಿಂದ ಬರಬೇಡಿ' ಅಂದರು. ಅವನೂ ಇಂಜಿನಿಯರ್. ನನಗಿಂತ ಚುರುಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಊರಿಗೆ ಹೋದಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ. 'ಯುರೋಪ್ ಬಿಡಪ್ಪ, ಅಲ್ಲಿ ಎಲ್ಲಾ ಸರ್ಕಾರವೇ ನೋಡಿಕೊಳ್ಳುತ್ತೆ.' ಹನ್ನೊಂದು ವರ್ಷ ಇಲ್ಲಿದ್ದ ಮೇಲೆ ನನಗೆ ಆ ಮಾತು ಒಪ್ಪಲು ಆಗುತ್ತಿಲ್ಲ. ಯುರೋಪ್ ಅಂತ ಒಂದೇ ಪದ್ಧತಿ ಇಲ್ಲ. ಒಂದೊಂದು ದೇಶ ತನ್ನ ಜನರ ಭದ್ರತೆಯನ್ನು ಒಂದೊಂದು ಗೂಟಕ್ಕೆ ಕಟ್ಟಿದೆ. ಗೂಟ ಯಾವುದು ಅಂತ ಗೊತ್ತಾದರೆ ಸಾಕು, ಕಷ್ಟಕಾಲದಲ್ಲಿ ಯಾರು ನಿಲ್ಲುತ್ತಾರೆ, ಯಾರು ಬೀಳುತ್ತಾರೆ ಅಂತ ಹೇಳಿಬಿಡಬಹುದು.

ಜರ್ಮನಿಯ ಗೂಟ ಕೆಲಸ. ಆಗಿನ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ ತಂದ. 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ. ಕಾರ್ಮಿಕರ ಮೇಲೆ ಮಮತೆ ಉಕ್ಕಿ ಮಾಡಿದ ಕೆಲಸ ಅಲ್ಲ ಅದು. 1878ರಲ್ಲೇ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸಿದ್ದ. ಕಾರ್ಮಿಕರು ಅವರ ಕಡೆ ವಾಲದಂತೆ ತಡೆಯಲು ಈ ವಿಮೆ. ಆದರೆ ಅವನು ಹೋದ, ವಿಮೆ ಉಳಿಯಿತು. ಇವತ್ತೂ ನನ್ನ ಸಂಬಳದ ಲೆಕ್ಕದಲ್ಲಿ ಆರೋಗ್ಯ ವಿಮೆಗೆ ಶೇ. 14.6 ಮತ್ತು ಅದರ ಮೇಲೊಂದಿಷ್ಟು, ಪಿಂಚಣಿಗೆ 18.6, ನಿರುದ್ಯೋಗ ವಿಮೆಗೆ 2.6 ಹೋಗುತ್ತದೆ. ಅರ್ಧ ನಾನು ಕಟ್ಟುತ್ತೇನೆ, ಅರ್ಧ ಕಂಪನಿ. ಜಾಸ್ತಿ ಕಟ್ಟಿದವರಿಗೆ ಜಾಸ್ತಿ ಪಿಂಚಣಿ.

ಸ್ವೀಡನ್ನಿನ ಗೂಟ ವಾಸ. ಇಲ್ಲಿ ಇದ್ದೀಯಾ, ನಿನಗೆ ಸಿಗುತ್ತದೆ. ಬ್ರಿಟನ್ನಿನ ಗೂಟ ಬಡತನ. ನಿನ್ನ ಹತ್ತಿರ ಏನೂ ಇಲ್ಲ ಅಂತ ತೋರಿಸು, ಕೊಡುತ್ತೇವೆ. ಡೆನ್ಮಾರ್ಕಿನ ಸಮಾಜಶಾಸ್ತ್ರಜ್ಞ ಗೋಸ್ಟಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಬಂಡವಾಳಶಾಹಿ ದೇಶಗಳನ್ನು ಹೆಚ್ಚುಕಡಿಮೆ ಹೀಗೇ ಮೂರು ಗುಂಪು ಮಾಡಿದ್ದರು. ದುಡಿಮೆಯನ್ನು ಮಾರುಕಟ್ಟೆಯಲ್ಲಿ ಮಾರದೆ ಒಬ್ಬ ಮನುಷ್ಯ ಎಷ್ಟರ ಮಟ್ಟಿಗೆ ಮರ್ಯಾದೆಯಿಂದ ಬದುಕಬಹುದು ಅನ್ನುವುದು ಅವರ ಅಳತೆಗೋಲು.

ಬೇರೆ ಬೇರೆ ದೇಶದಲ್ಲಿ ಇರುವವರು ನಿಮ್ಮ ಅನುಭವ ಬರೆಯಿರಿ. ನಾನು ಹೇಳಿದ್ದು ತಪ್ಪಿದ್ದರೆ ತಿದ್ದಿ.

ಹಿಮದೂರು (ಗೋಥೆನ್‌ಬರ್ಗ್)

ಚೆನ್ನಾಗಿ ಬರೆದಿದ್ದೀರಿ. ಸ್ವೀಡನ್ ಬಗ್ಗೆ ಹೇಳಿದ್ದು ಮುಕ್ಕಾಲು ಸರಿ.

ಮಕ್ಕಳ ಭತ್ಯೆ, ಆಸ್ಪತ್ರೆ, ಶಾಲೆ, ಇವೆಲ್ಲ ವಾಸಕ್ಕೆ ಸಿಗುತ್ತವೆ. ಮಗು ಹುಟ್ಟಿದರೆ ಅಪ್ಪ ಅಮ್ಮನಿಗೆ ಸೇರಿ 480 ದಿನದ ರಜೆ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, 90 ದಿನ ಅಮ್ಮನಿಗೆ. ಇನ್ನೊಬ್ಬರಿಗೆ ಬಿಟ್ಟುಕೊಡುವ ಹಾಗಿಲ್ಲ. ಆದರೆ ನಿರುದ್ಯೋಗ ವಿಮೆ ಹಾಗಲ್ಲ. ಆ-ಕಸ್ಸಾ ಅನ್ನುವ ನಿಧಿಗೆ ನಾವೇ ಹೋಗಿ ಸೇರಿ ತಿಂಗಳು ತಿಂಗಳು ಕಟ್ಟಬೇಕು. ಸೇರದಿದ್ದರೆ ಕೆಲಸ ಹೋದಾಗ ಸಣ್ಣ ಮೂಲ ಮೊತ್ತ ಮಾತ್ರ. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಹೇಳುವುದೇ ಇದು: ಮನೆ ಆಮೇಲೆ ಹುಡುಕಿ, ಮೊದಲು ಆ-ಕಸ್ಸಾ ಸೇರಿ.

ಕುರ್ಟ್ಸ್‌ಆರ್ಬೈಟ್ ಬಗ್ಗೆ ಒಂದು ಮಾತು. 2020ರಲ್ಲಿ ಸ್ವೀಡನ್ ಕೂಡ ಅಂಥದ್ದನ್ನೇ ಮಾಡಿತು, ನಿಜ. ಆದರೆ ಇಲ್ಲಿನ ಹಳೆಯ ಬುದ್ಧಿ ಬೇರೆ. ಜರ್ಮನಿ ಕೆಲಸವನ್ನು ಉಳಿಸಲು ನೋಡುತ್ತದೆ. ಸ್ವೀಡನ್ ಕೆಲಸಗಾರನನ್ನು ಉಳಿಸಲು ನೋಡುತ್ತದೆ. ಕಾರ್ಖಾನೆ ಮುಚ್ಚುವುದಾದರೆ ಮುಚ್ಚಲಿ ಅನ್ನುತ್ತದೆ.

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. 1951ರಲ್ಲಿ ಎಲ್‌ಓ ಅನ್ನುವ ಕಾರ್ಮಿಕ ಒಕ್ಕೂಟದ ಇಬ್ಬರು ಅರ್ಥಶಾಸ್ತ್ರಜ್ಞರು, ಯೋಸ್ತಾ ರೇನ್ ಮತ್ತು ರುಡಾಲ್ಫ್ ಮೈಡ್ನರ್, ಒಂದು ದಾರಿ ಹೇಳಿದರು. ಒಂದೇ ಕೆಲಸಕ್ಕೆ ಎಲ್ಲ ಕಂಪನಿಯಲ್ಲೂ ಒಂದೇ ಕೂಲಿ. ಲಾಭ ಮಾಡುವ ಕಂಪನಿಗೆ ಅದು ಸಲೀಸು. ಸೋಮಾರಿ ಕಂಪನಿಗೆ ಭಾರ, ಅದು ಮುಚ್ಚುತ್ತದೆ. ಕಡಿಮೆ ಕೂಲಿ ಕೊಟ್ಟು ಬದುಕುವ ಕಂಪನಿ ನಮಗೆ ಬೇಡ ಅನ್ನುವ ನಿಲುವು. ಅಲ್ಲಿಂದ ಹೊರಬಿದ್ದವರಿಗೆ ಸರ್ಕಾರ ತರಬೇತಿ ಕೊಡಬೇಕು, ಕೆಲಸ ಇರುವ ಊರಿಗೆ ಹೋಗಲು ಸಹಾಯ ಮಾಡಬೇಕು. ಕಾರ್ಮಿಕ ಸಂಘವೇ ಹೀಗೆ ಹೇಳಿತು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಇದು ಹೂವಿನ ಹಾಸಿಗೆ ಆಗಿರಲಿಲ್ಲ. ಮಾಲ್ಮೋದಲ್ಲಿ ಕೊಕ್ಕುಮ್ಸ್ ಹಡಗುಕಟ್ಟೆಯ ದೊಡ್ಡ ಕ್ರೇನ್ ಇತ್ತು, 138 ಮೀಟರ್ ಎತ್ತರ. ಹಡಗು ಕಟ್ಟುವ ಕೆಲಸ ನಿಂತುಹೋಗಿ ಎಷ್ಟೋ ವರ್ಷ ಅದು ಸುಮ್ನೆ ನಿಂತಿತ್ತು. 2002ರಲ್ಲಿ ಕೊರಿಯಾದ ಹ್ಯುಂಡೈಗೆ ಒಂದು ಡಾಲರ್‌ಗೆ ಕೊಟ್ಟರು. ಬಿಚ್ಚಿ ಸಾಗಿಸುವಾಗ ಊರಿನವರು ದಡದಲ್ಲಿ ನಿಂತು ಅತ್ತರು ಅಂತ ಇಲ್ಲಿ ಹೇಳುತ್ತಾರೆ. 2009ರಲ್ಲಿ ಸಾಬ್ ಕಾರ್ ಕಂಪನಿ ಮುಳುಗುತ್ತಿದ್ದಾಗ ಸರ್ಕಾರ ಅದನ್ನು ಕೊಳ್ಳಲು ಒಪ್ಪಲಿಲ್ಲ. 2011ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಟ್ರೋಲ್‌ಹೆಟ್ಟಾನ್ ಅನ್ನುವ ಊರಿಗೆ ಊರೇ ಅದರ ಮೇಲೆ ನಿಂತಿತ್ತು.

ನಮ್ಮನೆಯಲ್ಲೂ ಇದು ಆಯಿತು. 2023ರಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಮೊದಲ ವಾರ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಎರಡನೇ ವಾರಕ್ಕೆ ಒಬ್ಬರು ಸಲಹೆಗಾರರು ಫೋನ್ ಮಾಡಿದರು. ಕಂಪನಿಗಳು ಮತ್ತು ಯೂನಿಯನ್‌ಗಳು ಸೇರಿ 1974ರಿಂದ ನಡೆಸುತ್ತಿರುವ ಸಂಸ್ಥೆ ಅದು, ಸರ್ಕಾರದ್ದಲ್ಲ. ಇವರಿಗೆ ಹೊಸ ಓದಿಗೆ ಭತ್ಯೆ ಸಿಕ್ಕಿತು. 2022ರ ಅಕ್ಟೋಬರಿನಿಂದ ಬಂದ ಹೊಸ ವ್ಯವಸ್ಥೆ. ಸಂಬಳದ ಶೇ. 80ರವರೆಗೆ, ಒಂದು ಮಿತಿಯೊಳಗೆ. 44ನೇ ವಯಸ್ಸಿನಲ್ಲಿ ಬ್ಯಾಗ್ ಹಾಕಿಕೊಂಡು ಕ್ಲಾಸಿಗೆ ಹೋದರು. ಈಗ ವಿದ್ಯುತ್ ಗ್ರಿಡ್ ಕಡೆ ಕೆಲಸ.

ಆರ್ಹಸ್ ಸೈಕಲ್ (ಡೆನ್ಮಾರ್ಕ್)

ಅಕ್ಕ ಹೇಳಿದ್ದು ಡೆನ್ಮಾರ್ಕಿಗೆ ಇನ್ನೂ ಜಾಸ್ತಿ ಹೊಂದುತ್ತದೆ. ಇಲ್ಲಿ ಕೆಲಸದಿಂದ ತೆಗೆಯುವುದು ಸುಲಭ. 1899ರ ಸೆಪ್ಟೆಂಬರ್ ಒಪ್ಪಂದದಲ್ಲೇ ಅದು ಇತ್ಯರ್ಥ ಆಗಿದೆ. ಕೆಲಸಕ್ಕೆ ತೆಗೆದುಕೊಳ್ಳುವುದು, ಬಿಡುವುದು ಮಾಲೀಕರ ಹಕ್ಕು, ಸಂಘ ಕಟ್ಟುವುದು ಕಾರ್ಮಿಕರ ಹಕ್ಕು. ಹಳೆ ಸಂಬಳದ ಶೇ. 90ರವರೆಗೆ ನಿರುದ್ಯೋಗ ಭತ್ಯೆ, ಎರಡು ವರ್ಷ. ಮೇಲ್ಮಿತಿ ಇರುವುದರಿಂದ ಆ 90 ನಿಜವಾಗಿ ಸಿಗುವುದು ಕಡಿಮೆ ಸಂಬಳದವರಿಗೆ. ಇಂಜಿನಿಯರ್‌ಗಳಿಗೆ ಅಷ್ಟು ಬರುವುದಿಲ್ಲ. ಇಲ್ಲಿಗೆ ಬರುವವರು ಇದನ್ನು ತಿಳಿದುಕೊಂಡು ಬನ್ನಿ.

ಪೀಣ್ಯ ವರ್ಕ್‌ಶಾಪ್ (ಬೆಂಗಳೂರು)

ನಾನು ಯುರೋಪ್ ನೋಡಿಲ್ಲ. ಪೀಣ್ಯದಲ್ಲಿ 22 ಜನರ ಸಣ್ಣ ಘಟಕ ನಡೆಸುತ್ತೇನೆ. ಇಎಸ್‌ಐಗೆ ನನ್ನ ಪಾಲು ಶೇ. 3.25, ಪಿಎಫ್‌ಗೆ 12. ತಿಂಗಳ ಕೊನೆಗೆ ಅದನ್ನೇ ಹೊಂದಿಸಲು ಒದ್ದಾಡುತ್ತೇನೆ. ಸ್ವೀಡನ್‌ನಲ್ಲಿ ಮಾಲೀಕರು ಸಂಬಳದ ಮೇಲೆ ಶೇ. 31ಕ್ಕಿಂತ ಜಾಸ್ತಿ ಕಟ್ಟುತ್ತಾರೆ ಅಂತ ಓದಿದೆ. ನಿಜವಾ? ಹಾಗಾದರೆ ನನ್ನಂಥ ಸಣ್ಣ ಮಾಲೀಕ ಅಲ್ಲಿ ಹೇಗೆ ಬದುಕುತ್ತಾನೆ? ಇದೆಲ್ಲ ಕೊನೆಗೆ ಯಾರ ಜೇಬಿನಿಂದ ಬರುತ್ತದೆ?

ಹಿಮದೂರು

ನಿಜ ಸರ್. ಶೇ. 31.42.

ಯಾರ ಜೇಬು ಅಂದರೆ, ಎಲ್ಲರ ಜೇಬು. ಶ್ರೀಮಂತರಿಂದ ಕಿತ್ತು ಬಡವರಿಗೆ ಕೊಡುತ್ತಾರೆ ಅಂತ ನಾನೂ ಅಂದುಕೊಂಡು ಬಂದಿದ್ದೆ. ಹಾಗಿಲ್ಲ. ಇಲ್ಲಿ ವ್ಯಾಟ್ ಶೇ. 25. ಸಾಧಾರಣ ಸಂಬಳದವರೂ ಊರಿನ ಆಡಳಿತಕ್ಕೇ ಸುಮಾರು ಶೇ. 32 ಆದಾಯ ತೆರಿಗೆ ಕಟ್ಟುತ್ತಾರೆ. ಬಸ್ ಡ್ರೈವರ್ ಕಟ್ಟುತ್ತಾರೆ, ನರ್ಸ್ ಕಟ್ಟುತ್ತಾರೆ. ಎಲ್ಲರೂ ಕಟ್ಟುವುದರಿಂದ ಎಲ್ಲರೂ ಹಕ್ಕಿನಿಂದ ಕೇಳುತ್ತಾರೆ. ಆದರೆ ಪಿತ್ರಾರ್ಜಿತ ಆಸ್ತಿ ತೆರಿಗೆ ಈಗಿಲ್ಲ. ಆಸ್ತಿ ಮೇಲಿನ ಸಂಪತ್ತು ತೆರಿಗೆಯನ್ನು 2007ರಲ್ಲಿ ತೆಗೆದರು. ದೊಡ್ಡ ಮನೆತನಗಳ ಕೈಯಲ್ಲಿ ಸಂಪತ್ತು ಸೇರುತ್ತಲೇ ಇದೆ. ನನಗೆ ಇದು ಸರಿ ಕಾಣುವುದಿಲ್ಲ.

ಸ್ವೀಡನ್ ಸ್ವರ್ಗ ಅಂತ ಯಾರೂ ಅಂದುಕೊಳ್ಳಬೇಡಿ. ಸ್ಟಾಕ್‌ಹೋಮ್‌ನಲ್ಲಿ ಬಾಡಿಗೆ ಮನೆಯ ಸರದಿಯಲ್ಲಿ ಸರಾಸರಿ ಒಂಬತ್ತು ವರ್ಷದ ಹತ್ತಿರ ಕಾಯಬೇಕು. 1992ರಿಂದ ತೆರಿಗೆ ಹಣದಲ್ಲಿ ಖಾಸಗಿ ಶಾಲೆ ನಡೆಸಿ ಲಾಭ ಮಾಡಲು ಬಿಟ್ಟಿದ್ದಾರೆ.

ನೆಕ್ಕರ್ ದಂಡೆ

ಪೀಣ್ಯದ ಅಣ್ಣಾ, ನಿಮ್ಮ ಪ್ರಶ್ನೆಗೆ ಜರ್ಮನಿಯ ಕಡೆಯಿಂದ ಇನ್ನೊಂದು ಉತ್ತರ ಇದೆ. ಒಂದು ಕೇಳಲಾ? ನಿಮ್ಮಲ್ಲಿ ಮಷಿನ್ ಕಲಿಯಲು ಬಂದ ಹುಡುಗರು ಎಷ್ಟು ದಿನ ಉಳಿಯುತ್ತಾರೆ?

ಪೀಣ್ಯ ವರ್ಕ್‌ಶಾಪ್

ಅದೇ ನನ್ನ ದೊಡ್ಡ ನೋವು. ಐಟಿಐ ಮುಗಿಸಿ ಬರುತ್ತಾರೆ. ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮಷಿನ್ ಮುಟ್ಟಿರುವುದಿಲ್ಲ. ಒಂದು ವರ್ಷ ಕೂರಿಸಿ ಕಲಿಸುತ್ತೇನೆ. ಮಷಿನ್‌ಗೆ ಹಾಕಿದ ಜಾಬ್ ಹಾಳು ಮಾಡುತ್ತಾರೆ, ಟೂಲ್ ಮುರಿಯುತ್ತಾರೆ, ಸಹಿಸುತ್ತೇನೆ. ಕೈ ಕುದುರಿತು ಅನ್ನುವಾಗ ಪಕ್ಕದ ಬೀದಿಯವನು ಎರಡು ಸಾವಿರ ಜಾಸ್ತಿ ಕೊಟ್ಟು ಕರೆದುಕೊಂಡು ಹೋಗುತ್ತಾನೆ. ಹುಡುಗನ ತಪ್ಪೇನಿಲ್ಲ. ಅವನಿಗೂ ಮನೆ ಇದೆ.

ನೆಕ್ಕರ್ ದಂಡೆ

ನೀವು ಹೇಳಿದ ಇದೇ ಗಂಟನ್ನು ಜರ್ಮನಿ ಬಿಚ್ಚಿದ ರೀತಿ ನೋಡಿ. ಬಂಡವಾಳಶಾಹಿ ಬೇರೆ, ಕಲ್ಯಾಣ ಬೇರೆ ಅಂತ ನಾವು ಎರಡು ಡಬ್ಬಿಯಲ್ಲಿ ಇಡುತ್ತೇವಲ್ವಾ, ಅದು ಯಾಕೆ ಸರಿಯಲ್ಲ ಅನ್ನುವುದು ಇಲ್ಲಿ ಕಾಣುತ್ತದೆ.

ಇಲ್ಲಿ ಹುಡುಗರು ಶಾಲೆ ಮುಗಿಸಿ ನೇರವಾಗಿ ಕಂಪನಿಯಲ್ಲಿ ಕಲಿಕೆಗೆ ಸೇರುತ್ತಾರೆ. ಮೂರು ಅಥವಾ ಮೂರೂವರೆ ವರ್ಷ. ವಾರದಲ್ಲಿ ಒಂದೆರಡು ದಿನ ವೃತ್ತಿ ಶಾಲೆ, ಉಳಿದ ದಿನ ಮಷಿನ್ ಮುಂದೆ. ಮೊದಲ ತಿಂಗಳಿಂದ ಸ್ಟೈಪೆಂಡ್. ಇಂಥ 300ಕ್ಕೂ ಹೆಚ್ಚು ಕಸುಬುಗಳಿವೆ. ಪರೀಕ್ಷೆ ಮಾಡುವುದು ಕಂಪನಿಯಲ್ಲ, ಆ ಪ್ರದೇಶದ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ. ಆ ಮಂಡಳಿಗೆ ಕೈಗಾರಿಕಾ ಕಂಪನಿಗಳು ಕಡ್ಡಾಯವಾಗಿ ಸದಸ್ಯರು.

ಈಗ ಪಕ್ಕದವನು ಯಾಕೆ ಸುಲಭವಾಗಿ ಸೆಳೆಯುವುದಿಲ್ಲ? ಸಂಬಳವನ್ನು ಯೂನಿಯನ್ ಮತ್ತು ಮಾಲೀಕರ ಸಂಘ ಸೇರಿ ಇಡೀ ವಲಯಕ್ಕೆ ನಿಗದಿ ಮಾಡುತ್ತವೆ. ಒಪ್ಪಂದದ ಒಳಗಿರುವ ಕಂಪನಿಗಳಲ್ಲಿ ಒಂದೇ ಕಸುಬಿಗೆ ಸಂಬಳ ಹತ್ತಿರ ಹತ್ತಿರ ಒಂದೇ. ಹುಡುಗ ಹೋಗಲು ಕಾರಣ ಕಡಿಮೆ. ಮಾಲೀಕನಿಗೆ ಕಲಿಸಲು ಧೈರ್ಯ. ಹುಡುಗನಿಗೂ ಧೈರ್ಯ ಬೇಕು. ಒಂದೇ ಕಸುಬಿಗೆ ಮೂರು ವರ್ಷ ಹಾಕಿದ ಮೇಲೆ ಆರ್ಡರ್ ನಿಂತರೆ ಗತಿಯೇನು? ಆಗ ಕುರ್ಟ್ಸ್‌ಆರ್ಬೈಟ್ ಇದೆ. ಕೆಲಸ ಹೋದರೂ ಹಳೆ ಸಂಬಳಕ್ಕೆ ತಕ್ಕ ನಿರುದ್ಯೋಗ ಭತ್ಯೆ ಇದೆ. ವಿಮೆ ಇರುವುದರಿಂದ ಆ ಹುಡುಗ ಕಸುಬಿನಲ್ಲಿ ಆಳಕ್ಕೆ ಇಳಿಯುತ್ತಾನೆ. ಅವನು ಇಳಿಯುವುದರಿಂದ ಕಂಪನಿ ಒಳ್ಳೆ ಮಷಿನ್ ಮಾಡುತ್ತದೆ. ಆ ಮಷಿನ್ ನಿಮ್ಮ ಪೀಣ್ಯಕ್ಕೂ ಬಂದು ಕೂರುತ್ತದೆ. ಒಂದು ದಾರ ಎಳೆದರೆ ಇಡೀ ಬಟ್ಟೆ ಬರುತ್ತದೆ. ಅದಕ್ಕೇ ಬೇರೆ ದೇಶದವರು ಇದರಲ್ಲಿ ಒಂದು ತುಂಡು ಮಾತ್ರ ಕತ್ತರಿಸಿ ತೆಗೆದುಕೊಂಡು ಹೋದರೆ ಕೂಡುವುದಿಲ್ಲ.

ಪೀಣ್ಯ ವರ್ಕ್‌ಶಾಪ್

ಇದನ್ನು ನಮ್ಮ ಸಂಘದ ಸಭೆಯಲ್ಲಿ ಹೇಳುತ್ತೇನೆ. ವಂತಿಗೆ ಅಂದರೆ ಬರೀ ಖರ್ಚು ಅಂದುಕೊಂಡಿದ್ದೆ. ಹುಡುಗರನ್ನು ಉಳಿಸಿಕೊಳ್ಳುವ ಉಪಾಯವೂ ಹೌದು ಅಂತ ಹೊಳೆದಿರಲಿಲ್ಲ.

ಮ್ಯೂನಿಕ್ ಮನೆ

ಇಲ್ಲಿಯವರೆಗೆ ಎಲ್ಲರೂ ಬರೆದಿದ್ದು ಹುಡುಗ, ಮಾಲೀಕ, ಇಂಜಿನಿಯರ್. ನೆಕ್ಕರ್ ದಂಡೆಯವರೇ, ಜರ್ಮನಿಯ ಗೂಟ ಕೆಲಸ ಅಂದಿರಿ. ಸರಿ. ಆ ಗೂಟಕ್ಕೆ ಕಟ್ಟಿದ್ದು ಗಂಡನನ್ನು. ಹೆಂಡತಿಯನ್ನು ಕಟ್ಟಿದ್ದು ಗಂಡನಿಗೆ.

ನಾನು ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್‌ನಲ್ಲಿ ಇದ್ದವಳು. ಇಲ್ಲಿ ಬಂದಾಗ ಆರೋಗ್ಯ ವಿಮೆ ಹೇಗೆ ಅಂತ ಕೇಳಿದೆ. 'ನಿಮಗೆ ಉಚಿತ, ಗಂಡನ ವಿಮೆಯಲ್ಲೇ ಸೇರುತ್ತೀರಿ' ಅಂದರು. ಖುಷಿಯಾಯಿತು. ಆಮೇಲೆ ಕೆಲಸ ಸಿಕ್ಕಿತು. ಆಗ ತೆರಿಗೆ ತರಗತಿ ಅನ್ನುವುದು ಗೊತ್ತಾಯಿತು. ಗಂಡನಿಗೆ ತಿಂಗಳ ಕಡಿತ ಕಡಿಮೆ ಇರುವ 3ನೇ ತರಗತಿ, ನನಗೆ ಜಾಸ್ತಿ ಇರುವ 5ನೇ ತರಗತಿ. ಎಲ್ಲರೂ ಹಾಗೇ ಮಾಡುತ್ತಾರೆ, ತಿಂಗಳ ಕೊನೆಗೆ ಮನೆಗೆ ಜಾಸ್ತಿ ಹಣ ಬರುತ್ತದೆ ಅಂದರು. ನಿಜ, ಮನೆಗೆ ಬಂತು. ಆದರೆ ನನ್ನ ಸಂಬಳದ ಚೀಟಿ ನೋಡಿದಾಗ ಅಳು ಬಂತು. 1958ರಿಂದ ಇಲ್ಲಿ ಗಂಡ ಹೆಂಡತಿಯ ಆದಾಯ ಸೇರಿಸಿ, ಎರಡಾಗಿ ಒಡೆದು ತೆರಿಗೆ ಹಾಕುತ್ತಾರೆ. ಒಬ್ಬರು ಜಾಸ್ತಿ ದುಡಿದು ಇನ್ನೊಬ್ಬರು ಕಡಿಮೆ ದುಡಿದರೆ ಲಾಭ. ಇಬ್ಬರೂ ಸಮ ದುಡಿದರೆ ಲಾಭ ಇಲ್ಲ. ಯಾರು ಕಡಿಮೆ ದುಡಿಯುತ್ತಾರೆ ಅಂತ ನಾನು ಹೇಳಬೇಕಿಲ್ಲ ಅಲ್ವಾ.

ಇದರ ಏಟು ಬೀಳುವುದು ಆಮೇಲೆ. ಮಗು ಹುಟ್ಟಿದಾಗ ಸಿಗುವ ಪೋಷಕರ ಭತ್ಯೆಯನ್ನು ಕೈಗೆ ಬಂದ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. 5ನೇ ತರಗತಿಯಲ್ಲಿ ಕೈಗೆ ಬಂದದ್ದೇ ಕಡಿಮೆ. ನಿರುದ್ಯೋಗ ಭತ್ಯೆಯೂ ಹಾಗೇ. ಪಿಂಚಣಿಯೂ ಬಹುಮಟ್ಟಿಗೆ ದುಡಿದು ಕಟ್ಟಿದ್ದಕ್ಕೆ ತಕ್ಕಷ್ಟೇ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಹಕ್ಕು ಅಂತ 2013ರ ಆಗಸ್ಟ್‌ನಿಂದ ಕಾನೂನು ಇದೆ. ನನಗೆ ಜಾಗ ಸಿಗಲು ಹದಿನಾಲ್ಕು ತಿಂಗಳು ಹಿಡಿಯಿತು.

ನನ್ನ ಗೆಳತಿಯೊಬ್ಬರು ವಿಚ್ಛೇದನ ತೆಗೆದುಕೊಂಡರು. ಹೆಸರು, ಊರು ಬೇಡ. ಉಚಿತ ವಿಮೆ ಮುಗಿಯಿತು. ಹತ್ತು ವರ್ಷ ಮಗು ನೋಡಿಕೊಂಡವರ ಪಿಂಚಣಿಯ ಕಾಗದ ನೋಡಿ ಇಬ್ಬರೂ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿದ್ದೆವು.

ಸ್ವೀಡನ್ 1971ರಲ್ಲೇ ಗಂಡ ಹೆಂಡತಿಗೆ ಬೇರೆ ಬೇರೆ ತೆರಿಗೆ ಮಾಡಿತು. ಅದೊಂದು ಕಾನೂನು ಎಷ್ಟು ಹೆಂಗಸರ ಬದುಕು ಬದಲಿಸಿರಬೇಕು ಅಂತ ಯೋಚಿಸಿ.

ನೆಕ್ಕರ್ ದಂಡೆ

ನಿಮ್ಮ ಪೋಸ್ಟ್ ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳದ್ದೂ 5ನೇ ತರಗತಿ. 'ಇಷ್ಟು ವರ್ಷ ನಾನು ಇದನ್ನೇ ಹೇಳುತ್ತಿದ್ದೆ' ಅಂದಳು. ಹೌದು, ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ. ಇಬ್ಬರಿಗೂ ಒಂದೇ ರೀತಿ ಕಡಿತ ಆಗುವ 4ನೇ ತರಗತಿ ಮಾಡಿಸಲು ಅರ್ಜಿ ಹಾಕಿದ್ದೇವೆ.

ರೆಡಿಂಗ್ ರೈಲು (ಇಂಗ್ಲೆಂಡ್)

ಬ್ರಿಟನ್ನಿನ ಗೂಟ ಬಡತನ ಅಂದಿದ್ದು ಅರ್ಧ ಸತ್ಯ. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಮರೆತಿರಿ.

1942ರಲ್ಲಿ ಸಾಮಾಜಿಕ ವಿಮೆಯ ಬಗ್ಗೆ ಬೆವರಿಜ್ ವರದಿ ಬಂತು. ಬಡತನ, ಕಾಯಿಲೆ, ಅಜ್ಞಾನ, ಕೊಳಕು, ನಿರುದ್ಯೋಗ ಅನ್ನುವ ಐದು ರಾಕ್ಷಸರ ಮಾತು ಅದರಲ್ಲಿತ್ತು. ಬಾಂಬ್ ಬೀಳುತ್ತಿದ್ದ ಕಾಲದಲ್ಲಿ ಜನ ಕ್ಯೂ ನಿಂತು ಸರ್ಕಾರಿ ವರದಿ ಕೊಂಡರು. 1948ರ ಜುಲೈ 5ಕ್ಕೆ ಎನ್‌ಎಚ್‌ಎಸ್ ಶುರುವಾಯಿತು. ಅದನ್ನು ಕಟ್ಟಿದ ಮಂತ್ರಿ ಅನೈರಿನ್ ಬೆವನ್, ವೇಲ್ಸ್‌ನ ಟ್ರೆಡೀಗರ್ ಅನ್ನುವ ಗಣಿ ಊರಿನವರು. ಅಲ್ಲಿ ಗಣಿ ಕೆಲಸಗಾರರು ವಾರ ವಾರ ಕಾಸು ಕೂಡಿಸಿ ತಮಗೆ ತಾವೇ ಡಾಕ್ಟರ್ ಇಟ್ಟುಕೊಂಡಿದ್ದರು. ಬೆವನ್ ಅದನ್ನು ನೋಡುತ್ತಾ ಬೆಳೆದವರು. 1951ರಲ್ಲಿ ಹಲ್ಲು, ಕನ್ನಡಕಕ್ಕೆ ಶುಲ್ಕ ಹಾಕಲು ಹೊರಟಾಗ ರಾಜೀನಾಮೆ ಕೊಟ್ಟರು.

ನನ್ನ ಮಗ ಇಲ್ಲೇ ಹುಟ್ಟಿದ್ದು. ತುರ್ತು ಆಪರೇಷನ್ ಆಯಿತು. ಆರು ದಿನ ಆಸ್ಪತ್ರೆ. ಮನೆಗೆ ಬರುವಾಗ ಬಿಲ್ ಕೌಂಟರ್ ಎಲ್ಲಿ ಅಂತ ಅಪ್ಪ ಹುಡುಕುತ್ತಿದ್ದರು. ಅಂಥ ಕೌಂಟರೇ ಇರಲಿಲ್ಲ. ಜರ್ಮನಿಯಲ್ಲಿ ವಿಮೆ ಕಾರ್ಡ್ ಕೇಳುತ್ತಾರೆ. ಇಲ್ಲಿ ಹೆಸರು, ಹುಟ್ಟಿದ ದಿನ ಕೇಳುತ್ತಾರೆ.

ಆದರೆ ಉಳಿದದ್ದು ನೀವು ಹೇಳಿದ ಹಾಗೇ. ಕಾಯಿಲೆ ಬಿದ್ದರೆ ಕಾನೂನಿನ ಪ್ರಕಾರ ಸಿಗುವ ರಜೆ ಹಣ 2025-26ರಲ್ಲಿ ವಾರಕ್ಕೆ 118.75 ಪೌಂಡ್ ಇತ್ತು. ಅದು ಕೋಣೆ ಬಾಡಿಗೆಗೂ ಸಾಲದು. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವ ಎನ್‌ಎಚ್‌ಎಸ್ ಸರದಿ 2025ರಲ್ಲಿ 70 ಲಕ್ಷ ದಾಟಿತ್ತು. ನಮ್ಮಂಥ ವೀಸಾದವರ ಗೂಟವೇ ಬೇರೆ. ವೀಸಾ ತೆಗೆದುಕೊಳ್ಳುವಾಗ ಆರೋಗ್ಯಕ್ಕೆ ಅಂತ ತಲೆಗೆ ವರ್ಷಕ್ಕೆ 1,035 ಪೌಂಡ್ ಮುಂಗಡ ಕಟ್ಟಬೇಕು. ಗಂಡ ಹೆಂಡತಿಗೆ ಮೂರು ವರ್ಷಕ್ಕೆ 6,210 ಪೌಂಡ್. ಅದರ ಮೇಲೆ ಎಲ್ಲರ ಹಾಗೆ ತೆರಿಗೆ. ಆದರೂ ಸರ್ಕಾರಿ ಭತ್ಯೆ ಯಾವುದೂ ಇಲ್ಲ ಅಂತ ವೀಸಾದಲ್ಲೇ ಬರೆದಿರುತ್ತದೆ. ಕೆಲಸ ಹೋದರೆ 60 ದಿನದಲ್ಲಿ ಹೊಸ ಕಂಪನಿ ಹುಡುಕಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಪಕ್ಕದ ಮೇಜಿನ ಬ್ರಿಟಿಷ್ ಗೆಳೆಯನಿಗೆ ಆ ಭಯ ಇಲ್ಲ. ಒಂದೇ ಕೆಲಸ, ಒಂದೇ ತೆರಿಗೆ.

ನೆಕ್ಕರ್ ದಂಡೆ

ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಒಂದೇ ದೇಶದಲ್ಲಿ ಎರಡು ಮೂರು ಗೂಟ ಇರುತ್ತವೆ. ಆಸ್ಪತ್ರೆ ವಿಷಯದಲ್ಲಿ ಬ್ರಿಟನ್ ಜರ್ಮನಿಗಿಂತ ಎಷ್ಟೋ ಸಮ. ಜರ್ಮನಿಯಲ್ಲಿ ಜಾಸ್ತಿ ಸಂಬಳದವರು ಮತ್ತು ಸರ್ಕಾರಿ ನೌಕರರು ಖಾಸಗಿ ವಿಮೆಗೆ ಹೋಗಬಹುದು. ಅವರಿಗೆ ತಜ್ಞ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಗ ಸಿಗುವುದನ್ನು ನಾನೇ ಕಂಡಿದ್ದೇನೆ. ಮೂರು ಗುಂಪಿನ ಲೆಕ್ಕ ದಿಕ್ಕು ತೋರಿಸುತ್ತದೆ, ಊರು ತೋರಿಸುವುದಿಲ್ಲ.

ಧಾರವಾಡದ ಮಾಸ್ತರ

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಎಲ್ಲ ಓದಿದೆ. ಒಂದು ಸಂಶಯ. ನನಗೆ ಹಳೆ ಪಿಂಚಣಿ. ನನ್ನ ಮಗಳೂ ಶಿಕ್ಷಕಿ, 2006ರ ಏಪ್ರಿಲ್ 1ರ ನಂತರ ಸೇರಿದ್ದಕ್ಕೆ ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ. ಒಂದೇ ಮನೆ, ಒಂದೇ ಕೆಲಸ, ಎರಡು ನ್ಯಾಯ. ಮಗಳು ಪ್ರತಿ ಸಲ ಶೇರು ಪೇಟೆ ಬಿದ್ದ ಸುದ್ದಿ ಕೇಳಿದರೆ ಸಪ್ಪಗಾಗುತ್ತಾಳೆ. ಅಲ್ಲಿ ಮುದುಕರ ಕಥೆ ಏನ್ರೀ?

ಹಿಮದೂರು

ಮಾಸ್ತರೇ, ಸ್ವೀಡನ್ನಿನಲ್ಲಿ ಇದೇ ಜಗಳ 1990ರ ದಶಕದಲ್ಲಿ ಆಯಿತು. ಆ ದಶಕದ ಶುರುವಿನಲ್ಲಿ ದೇಶ ದೊಡ್ಡ ಬಿಕ್ಕಟ್ಟಿಗೆ ಸಿಕ್ಕಿತ್ತು. 1992ರ ಸೆಪ್ಟೆಂಬರಿನಲ್ಲಿ ಕರೆನ್ಸಿ ಉಳಿಸಲು ಕೇಂದ್ರ ಬ್ಯಾಂಕ್ ಬಡ್ಡಿ ದರವನ್ನು ಶೇ. 500ಕ್ಕೆ ಏರಿಸಿತ್ತು. ಆಮೇಲೆ 1994ರಲ್ಲಿ ಎಡ ಬಲದ ಐದು ಪಕ್ಷಗಳು ಕೂತು ಪಿಂಚಣಿ ಬದಲಿಸಲು ಒಪ್ಪಿದವು.

ಈಗ ಆದಾಯದ ಶೇ. 18.5 ಪಿಂಚಣಿಗೆ. ಅದರಲ್ಲಿ 16 ಈಗಿನ ಮುದುಕರಿಗೆ ಹೋಗುತ್ತದೆ, ನಮ್ಮ ಖಾತೆಯಲ್ಲಿ ಲೆಕ್ಕ ಮಾತ್ರ ಬರೆಯುತ್ತಾರೆ. ಉಳಿದ 2.5 ನಿಜವಾಗಿ ಶೇರು ಫಂಡ್‌ಗೆ. ದೇಶದ ಪಿಂಚಣಿ ಲೆಕ್ಕ ತಪ್ಪಿದರೆ ತಂತಾನೇ ಪಿಂಚಣಿ ತಗ್ಗುತ್ತದೆ. ಮಂತ್ರಿ ಸಹಿಯೇ ಬೇಡ. 2010ರಲ್ಲಿ ಹಾಗೆ ಆಯಿತು. ಆದರೆ ಕಡಿಮೆ ದುಡಿದವರಿಗೆ ಕನಿಷ್ಠ ಖಾತರಿ ಪಿಂಚಣಿ ಬೇರೆ ಇದೆ. ನಿಮ್ಮ ಮಗಳಿಗೆ ಇಲ್ಲದಿರುವುದು ಅಂಥ ಒಂದು ನೆಲ.

ಫ್ರಾನ್ಸ್ ನೋಡಿ. ಸಮಾಜ ಕಲ್ಯಾಣಕ್ಕೆ ಜಿಡಿಪಿಯ ಶೇ. 30ಕ್ಕಿಂತ ಜಾಸ್ತಿ ಖರ್ಚು ಮಾಡುವ ದೇಶ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಹೊರಟರು. ಕೆಳಮನೆಯಲ್ಲಿ ಮತಕ್ಕೆ ಹಾಕದೆ ಸಂವಿಧಾನದ 49.3 ವಿಧಿ ಬಳಸಿ ಪಾಸು ಮಾಡಿದರು. ಲಕ್ಷಾಂತರ ಜನ ಬೀದಿಗೆ ಬಂದರು. ಕಹಿ ಮದ್ದು ಎರಡೂ ಕಡೆ ಇತ್ತು. ಕೂತು ಮಾತಾಡಿ ಕುಡಿದ ದೇಶ ಒಂದು, ಬಾಯಿ ಹಿಡಿದು ಕುಡಿಸಿದ ದೇಶ ಇನ್ನೊಂದು.

ಟುರಿನ್ ವಿದ್ಯಾರ್ಥಿ

ಇಟಲಿಯ ಬಗ್ಗೆ ಯಾರೂ ಬರೆಯಲಿಲ್ಲ. ಇಲ್ಲಿ ಗೂಟ ಕುಟುಂಬ. ಸರ್ಕಾರ ಜಿಡಿಪಿಯ ಶೇ. 15ಕ್ಕಿಂತ ಜಾಸ್ತಿ ಪಿಂಚಣಿಗೇ ಹಾಕುತ್ತದೆ. ಅಜ್ಜನಿಗೆ ಪಿಂಚಣಿ ಬರುತ್ತದೆ, ಮೊಮ್ಮಗನಿಗೆ ತಾತ್ಕಾಲಿಕ ಕೆಲಸ. ಅಜ್ಜನ ಹಣದಲ್ಲಿ ಮೊಮ್ಮಗ ಬದುಕುತ್ತಾನೆ. ಸ್ವೀಡನ್‌ನಲ್ಲಿ ಮಕ್ಕಳು ಸುಮಾರು 21, 22ಕ್ಕೆ ಮನೆ ಬಿಡುತ್ತಾರೆ, ಇಲ್ಲಿ ಸರಾಸರಿ 30ಕ್ಕೆ. ನಮ್ಮ ಕಡೆಯ ಹಾಗೇ ಅನ್ನಿಸಿ ಮೊದಲು ನನಗೆ ಹಿತವಾಗಿತ್ತು. ಈಗ ನನ್ನ ಇಟಾಲಿಯನ್ ಗೆಳೆಯರ ಸಂಕಟ ನೋಡಿದ ಮೇಲೆ ಹಾಗನ್ನಿಸುವುದಿಲ್ಲ. ಮನೆಯಲ್ಲಿ ಇರಲು ಅವರು ಆರಿಸಿಕೊಂಡಿದ್ದಲ್ಲ.

ಮುದುಕರನ್ನು ನೋಡಿಕೊಳ್ಳುವವರನ್ನು ಇಲ್ಲಿ ಬದಾಂತೆ ಅನ್ನುತ್ತಾರೆ. ರೊಮೇನಿಯಾ, ಉಕ್ರೇನ್, ಮೊಲ್ಡೋವಾದ ಹೆಂಗಸರು. ತಮ್ಮ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಇಲ್ಲಿಯ ಅಜ್ಜಿಯರನ್ನು ನೋಡಿಕೊಳ್ಳುತ್ತಾರೆ. ಪೋ ನದಿಯ ಬಯಲಿನ ಹಾಲಿನ ಡೇರಿಗಳಲ್ಲಿ ನಮ್ಮ ಪಂಜಾಬಿನವರು ದುಡಿಯುತ್ತಾರೆ. ಈ ಕುಟುಂಬದ ಪದ್ಧತಿ ನಿಂತಿರುವುದು ಬೇರೆ ಕುಟುಂಬಗಳ ಅಗಲಿಕೆಯ ಮೇಲೆ.

ಹಿಮದೂರು

ಈ ಕೊನೆಯ ಸಾಲು ಓದಿ ಬೇರೆ ಏನೂ ಬರೆಯಲು ಆಗಲಿಲ್ಲ.

ಒಂದು ವಿಷಯ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಅದು ಈಗಲೂ ನಡೆಯುತ್ತಿದೆ. ಸ್ವೀಡನ್ನಿನಲ್ಲಿ ಕನಿಷ್ಠ ಕೂಲಿಯ ಕಾನೂನೇ ಇಲ್ಲ. ಹತ್ತರಲ್ಲಿ ಒಂಬತ್ತು ಕೆಲಸಗಾರರಿಗೆ ಯೂನಿಯನ್ ಒಪ್ಪಂದವೇ ಕಾನೂನು. ಟೆಸ್ಲಾ ಆ ಒಪ್ಪಂದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. 2023ರ ಅಕ್ಟೋಬರ್ 27ಕ್ಕೆ ಮೆಕ್ಯಾನಿಕ್‌ಗಳ ಮುಷ್ಕರ ಶುರುವಾಯಿತು. ಬಂದರಿನವರು ಆ ಕಾರು ಇಳಿಸಲಿಲ್ಲ. ಅಂಚೆಯವರು ನಂಬರ್ ಪ್ಲೇಟ್ ತಲುಪಿಸಲಿಲ್ಲ. ಇದು ಸಂಬಳದ ಜಗಳ ಮಾತ್ರ ಅಲ್ಲ. 1931ರಲ್ಲಿ ಓಡಾಲೆನ್‌ನಲ್ಲಿ ಮುಷ್ಕರದವರ ಮೇಲೆ ಸೇನೆ ಗುಂಡು ಹಾರಿಸಿ ಐದು ಜನ ಸತ್ತರು. ಏಳು ವರ್ಷ ಆದ ಮೇಲೆ, 1938ರಲ್ಲಿ, ಸಾಲ್ಟ್‌ಶೋಬಾಡೆನ್ ಅನ್ನುವ ಊರಿನ ಹೋಟೆಲಿನಲ್ಲಿ ಮಾಲೀಕರು ಮತ್ತು ಕಾರ್ಮಿಕರು ಕೂತು ಜಗಳ ಬಗೆಹರಿಸುವ ರೀತಿಯನ್ನೇ ಬರೆದುಕೊಂಡರು. ಆ ಮೇಜಿಗೆ ಬರುವುದಿಲ್ಲ ಅಂತ ಒಬ್ಬರು ಹೇಳಿದರೆ ಇಡೀ ಪದ್ಧತಿ ನಡುಗುತ್ತದೆ. ಅದಕ್ಕೇ ಇಷ್ಟು ದಿನ ಹಟ ಹಿಡಿದಿದ್ದಾರೆ.

ನೆಕ್ಕರ್ ದಂಡೆ

ಎಲ್ಲರಿಗೂ ಕೃತಜ್ಞತೆ. ಎರಡು ಮಾತು.

ಕಂಪನಿಯೇ ಭಾರತದಿಂದ ಕಳಿಸಿ ಜರ್ಮನಿಗೆ ಬರುವವರು ಗಮನಿಸಿ. 2017ರ ಮೇ ತಿಂಗಳಿಂದ ಎರಡು ದೇಶದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ಇಪಿಎಫ್‌ಓ ಕೊಡುವ ಸರ್ಟಿಫಿಕೇಟ್ ತಂದರೆ ಇಲ್ಲಿ ಪಿಂಚಣಿ ವಂತಿಗೆ ಎರಡನೇ ಸಲ ಕಟ್ಟಬೇಕಿಲ್ಲ. ಇಲ್ಲೇ ಕೆಲಸಕ್ಕೆ ಸೇರಿದವರಾದರೆ 60 ತಿಂಗಳು ಕಟ್ಟಿದ ಮೇಲೆ ಪಿಂಚಣಿಯ ಹಕ್ಕು ಬರುತ್ತದೆ. ಊರಿಗೆ ಹಿಂದಿರುಗಿದರೂ ಆ ಹಕ್ಕು ಉಳಿಯುತ್ತದೆ.

ಇನ್ನೊಂದು ನನ್ನದೇ ವಿಷಯ. 2020ರಲ್ಲಿ ಕುರ್ಟ್ಸ್‌ಆರ್ಬೈಟ್ ಬಂದಾಗ ಕಂಪನಿ ತಾನೇ ಜಾರಿ ಮಾಡುವ ಹಾಗಿರಲಿಲ್ಲ. ನಮ್ಮಲ್ಲಿ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಮಂಡಳಿ ಇದೆ. ಅದು ಒಪ್ಪಬೇಕಿತ್ತು. ಯಾರಿಗೆ ಎಷ್ಟು ಗಂಟೆ ಕಡಿತ ಅಂತ ಎರಡು ರಾತ್ರಿ ಕೂತು ಅವರು ಒಂದೊಂದು ವಿಭಾಗದ ಲೆಕ್ಕ ನೋಡಿದರು. ಅದರಲ್ಲಿ ನನ್ನ ಹೆಸರೂ ಇತ್ತು. ಆಗ ಆ ಮಂಡಳಿಯಲ್ಲಿ ಯಾರಿದ್ದಾರೆ ಅಂತಲೂ ನನಗೆ ಗೊತ್ತಿರಲಿಲ್ಲ. ಅದಕ್ಕೆ ಮಾರ್ಚ್‌ನಿಂದ ಮೇ ಒಳಗೆ ಚುನಾವಣೆ ನಡೆಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ. ನಿಲ್ಲಲು ಜರ್ಮನ್ ಪಾಸ್‌ಪೋರ್ಟ್ ಬೇಡ, ಆರು ತಿಂಗಳು ಅಲ್ಲಿ ಕೆಲಸ ಮಾಡಿದ್ದರೆ ಸಾಕು. ಮುಂದಿನ ಸಲ ನಾನು ನಿಲ್ಲುತ್ತಿದ್ದೇನೆ.

ಮ್ಯೂನಿಕ್ ಮನೆ

ಗೆದ್ದು ಬನ್ನಿ. ಗೆದ್ದರೆ ಅರ್ಧ ಹೊತ್ತು ಕೆಲಸ ಮಾಡುವ ಹೆಂಗಸರ ಮೀಟಿಂಗ್ ಸಮಯದ ಬಗ್ಗೆ ಮೊದಲು ಕೇಳಿ. ನಮ್ಮಲ್ಲಿ ಮುಖ್ಯ ಮೀಟಿಂಗ್ ಎಲ್ಲ ಮಧ್ಯಾಹ್ನ ನಾಲ್ಕಕ್ಕೆ ಇಡುತ್ತಾರೆ. ಶಿಶುವಿಹಾರ ಮೂರೂವರೆಗೆ ಮುಚ್ಚುತ್ತದೆ.

ನೆಕ್ಕರ್ ದಂಡೆ

ಬರೆದುಕೊಂಡೆ. ನಮ್ಮಲ್ಲೂ ನಾಲ್ಕಕ್ಕೇ.